ಹುತ್ತರಿಗೆ ಮುಂಚೆ ಕೊಯ್ದ ಗದ್ದೆ

ಕೊಡಗು ಆಗ ತನ್ನದೇ ಸರ್ಕಾರವಿದ್ದ ಪುಟ್ಟ ರಾಜ್ಯ. ಆ ಸರ್ಕಾರ ಹಳ್ಳಿಯವರಿಗೆಂದು ತೆರೆದ ಒಂದು ವರ್ಷದ ಕಾಲೇಜಿಗೆ ನಾನು ಸೇರಿದ್ದೆ. ಕಾಲೇಜು ಎಂದರೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಹೆಂಚು ಹೊದಿಸಿದ ಎರಡು ಕೊಠಡಿ, ಒಂದು ಕೊಟ್ಟಿಗೆ, ಹಿಂದೆ ತರಕಾರಿ ಹಿತ್ತಲು, ಅಷ್ಟೆ. ಬೇಸಾಯ, ಕೋಳಿ ಸಾಕಣೆ, ಬಾಣಂತಿಯರ ಆರೈಕೆ ಕಲಿಸುತ್ತಿದ್ದರು. ಕೊನೆಯಲ್ಲಿ ಸರ್ಟಿಫಿಕೇಟು. ಅದು ಕೈಗೆ ಬಂದರೆ ಯಾವುದಾದರೂ ಊರಿನಲ್ಲಿ ಗ್ರಾಮಸೇವಿಕೆಯ ಕೆಲಸ.

ನನಗೆ ಆ ಸರ್ಟಿಫಿಕೇಟು ಬೇಕೇ ಬೇಕಿತ್ತು. ನಾನು, ಗಂಡ, ಅಣ್ಣನ ಮನೆಯವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿಕೊಂಡು ಎರಡು ವರ್ಷವೂ ಆಗಿರಲಿಲ್ಲ. ಅಷ್ಟರಲ್ಲೇ ಗಂಡ ತೀರಿಕೊಂಡ. ನಾಲ್ಕು ವರ್ಷದ ಮಗಳನ್ನು ಕಟ್ಟಿಕೊಂಡು ಅಣ್ಣನ ಮನೆಯ ಒಲೆ ಊದುತ್ತಿದ್ದೆ. ಅಣ್ಣ ಕೆಟ್ಟವನಲ್ಲ, ಅತ್ತಿಗೆಯೂ ಅಲ್ಲ. ಆದರೆ ಬಡಿಸಿಕೊಳ್ಳುವಾಗಲೆಲ್ಲ ಕೈ ತಾನೇ ಹಿಂದೆ ಸರಿಯುತ್ತಿತ್ತು. ನಾಲ್ಕನೇ ಕ್ಲಾಸು ಓದಿದ್ದರೂ ಸಾಕು, ವಯಸ್ಸಿನ ಮಿತಿಯಿಲ್ಲ, ಮಕ್ಕಳಿದ್ದವರು ಮಕ್ಕಳನ್ನು ಜೊತೆಗೇ ಇಟ್ಟುಕೊಳ್ಳಬಹುದು ಎಂದು ಆ ಕಾಲೇಜಿನ ನಿಯಮದಲ್ಲಿ ಬರೆದಿತ್ತು. ಅದನ್ನು ಬರೆದ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಅವರ ಹೊಟ್ಟೆ ತಣ್ಣಗಿರಲಿ.

ಇನ್ನೊಂದು ನಿಯಮ ಮಾತ್ರ ನನಗೆ ಹಿಡಿಸಿರಲಿಲ್ಲ. ಊರಿನ ಐದು ಜನರ ಕಮಿಟಿ ರುಜು ಹಾಕದೆ ಯಾರಿಗೂ ಸರ್ಟಿಫಿಕೇಟು ಇಲ್ಲ. ಪರೀಕ್ಷೆ ಪಾಸಾದ ಮೇಲೆ ಈ ಊರಿನ ಯಜಮಾನರ ಅಪ್ಪಣೆ ಯಾಕೆ ಎಂದು ನಾನು ಗೊಣಗುತ್ತಿದ್ದೆ.

ಕಾಲೇಜಿಗೆ ಸ್ವಂತ ಗದ್ದೆ ಇರಲಿಲ್ಲ. ಆ ಕಮಿಟಿಯಲ್ಲೇ ಇದ್ದ ಒಬ್ಬ ವಯಸ್ಸಾದ ಗೌಡರು ತಮ್ಮ ಮನೆಯ ಮುಂದಿನ ಪುಟ್ಟ ಗದ್ದೆಯನ್ನು ಪಾಠಕ್ಕೆ ಬಿಟ್ಟುಕೊಟ್ಟಿದ್ದರು. ನಾವು ಸಾಲು ಹಿಡಿದು ನೆಟ್ಟ ಪೈರು ತೂಗಿ ಬಂದಿತ್ತು. ಕೊಯ್ದು ಇಳುವರಿ ಅಳೆಯುವುದೇ ನಮ್ಮ ಪರೀಕ್ಷೆ. ಬಯಲುಸೀಮೆಯಿಂದ ಬಂದ ನಮ್ಮ ಮೇಷ್ಟ್ರು ಕ್ಯಾಲೆಂಡರ್ ನೋಡಿ ಒಂದು ಸೋಮವಾರ ಗೊತ್ತು ಮಾಡಿದರು.

ಆ ಸೋಮವಾರ ಗದ್ದೆಗೆ ಬಂದವಳು ನಾನೊಬ್ಬಳೇ. ಒಬ್ಬಳಿಗೆ ಹೊಟ್ಟೆನೋವು, ಒಬ್ಬನಿಗೆ ಕಾಲು ಉಳುಕು, ಇನ್ನೊಬ್ಬನ ಕತ್ತಿಯೇ ಕಳೆದುಹೋಗಿತ್ತಂತೆ. ಸೋಮಾರಿಗಳು ಎಂದುಕೊಂಡೆ. ನನಗೆ ಫಸ್ಟ್ ಬರುವ ಹುರುಪು. ಸೆರಗು ಸಿಕ್ಕಿಸಿ ಮಧ್ಯಾಹ್ನದೊಳಗೆ ಅಷ್ಟೂ ಕೊಯ್ದು ಹಾಕಿದೆ. ಮೇಷ್ಟ್ರು ಭೇಷ್ ಎಂದರು.

ಸಂಜೆ ಹೊಟ್ಟೆನೋವಿನವಳು ಬಂದು ನನ್ನ ಪಕ್ಕ ಕೂತಳು. "ಹುತ್ತರಿ ಹಬ್ಬಕ್ಕೆ ಇನ್ನೂ ಎಂಟು ದಿನ ಉಂಟಲ್ಲ ಅಕ್ಕ. ಅದಕ್ಕೆ ಮೊದ್ಲು ಇಲ್ಲಿ ಯಾರೂ ಹೊಸ ಭತ್ತ ಮುಟ್ಟುದಿಲ್ಲ. ಗೌಡ್ರ ಮನೆಗೆ ಕದಿರು ತೆಗಿಯುದು ಅದೇ ಗದ್ದೆಯಿಂದ."

"ಬೆಳಿಗ್ಗೆನೇ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

"ಮೇಷ್ಟ್ರು ಸರ್ಕಾರದ ಆಫೀಸರು, ಅವ್ರ ಎದುರು ಹೇಗೆ ಹೇಳುದು?"

ಆ ಮನೆಯವರು ವರ್ಷವಿಡೀ ಕಾದು ಮೊದಲ ಕದಿರು ತೆಗೆಯುವ ಗದ್ದೆಯಲ್ಲಿ ನಾನು ಕೂಳೆ ಉಳಿಸಿ ಬಂದಿದ್ದೆ. ರುಜು ಹಾಕಬೇಕಾದವರೂ ಅದೇ ಗೌಡರು.

ಗೌಡರು ಮನೆಯವರ ಸಮೇತ ಸಂಪಾಜೆಯ ನೆಂಟರ ಮನೆಗೆ ಹೋಗಿದ್ದವರು ಮರುದಿನ ಬಂದರು. ನಾನೇ ಹೋಗಿ ಅಂಗಳದಲ್ಲಿ ನಿಂತೆ. ಅವರು ಜಗಲಿಯಲ್ಲಿ ಕೂತು ಖಾಲಿ ಗದ್ದೆ ನೋಡುತ್ತಿದ್ದರು.

"ಯಾಕೆ ಕೊಯ್ದೆ?"

"ಗೊತ್ತಿರ್ಲಿಲ್ಲ ಗೌಡ್ರೆ. ಸುಳ್ಳು ಯಾಕೆ ಹೇಳ್ಲಿ, ಗೊತ್ತಿದ್ರೂ ಕೊಯ್ದುಬಿಡ್ತಿದ್ನೇನೋ. ಸರ್ಟಿಫಿಕೇಟು ಅಷ್ಟು ಬೇಕಾಗಿತ್ತು ನಂಗೆ."

ಅವರು ನನ್ನನ್ನೇ ನೋಡಿದರು. ಒಳಗಿನಿಂದ ಅವರ ಹೆಂಡತಿ ಬಂದು ಕಾಫಿ ಇಟ್ಟು ಹೋದರು. ಕುಡಿದು ಹೋಗು ಎಂದರು ಗೌಡರು. ಆ ವರ್ಷ ಅವರು ಹುತ್ತರಿಯ ಕದಿರನ್ನು ತಮ್ಮನ ಗದ್ದೆಯಿಂದ ತೆಗೆದರು.

ಹಬ್ಬ ಕಳೆದ ಮೇಲೆ ಕಮಿಟಿ ಕೂತಿತು. ನನ್ನ ಕಾಗದ ಬಂದಾಗ ಒಬ್ಬ ಸದಸ್ಯರು ಅದನ್ನು ಆಚೆ ತಳ್ಳಿದರು. "ಹುತ್ತರಿಗೆ ಮುಂಚೆ ಕತ್ತಿ ಹಾಕ್ದವಳನ್ನ ಯಾರು ಗದ್ದೆಗೆ ಬಿಡ್ತಾರೆ?" ಅಣ್ಣನ ಮನೆಯ ಒಲೆ ಕಣ್ಣಮುಂದೆ ಬಂತು.

ಗೌಡರು ಮೇಷ್ಟ್ರ ಕಡೆ ತಿರುಗಿದರು. "ದಿವಸ ಇಡುವಾಗ ನಮ್ಮನ್ನ ಒಂದು ಮಾತು ಕೇಳಿದ್ರಾ ನೀವು?"

ಮೇಷ್ಟ್ರು ತಲೆತಗ್ಗಿಸಿ ಇಲ್ಲ ಎಂದರು.

"ಹಾಗಾದ್ರೆ ಪಾಠ ಕಲೀಬೇಕಾದವರು ನೀವು. ಈ ಗೂಡೆ ಹೇಳಿದ ಕೆಲಸ ಮಾಡಿದ್ದಾಳೆ, ಸುಳ್ಳು ಹೇಳ್ಲಿಲ್ಲ." ಗೂಡೆ ಎಂದರೆ ಅವರ ಮಾತಿನಲ್ಲಿ ಹುಡುಗಿ. ಎಲ್ಲರಿಗಿಂತ ಮೊದಲು ರುಜು ಹಾಕಿದವರು ಅವರು. ಉಳಿದವರೂ ಹಾಕಿದರು, ಕಾಗದ ತಳ್ಳಿದವರು ಕೊನೆಗೆ, ಮುಖ ಗಂಟು ಹಾಕಿಕೊಂಡೇ.

ಮೇಷ್ಟ್ರು ದೊಡ್ಡ ಮನುಷ್ಯರು. ನಡೆದದ್ದನ್ನು ಇದ್ದ ಹಾಗೆ ಬರೆದು ಮಡಿಕೇರಿಗೆ ಕಳಿಸಿದರು. ಸರ್ಕಾರ ಬಸ್ಸು ಹತ್ತಿದರೆ ಸಿಗುವಷ್ಟು ಹತ್ತಿರವಿದ್ದ ಕಾಲ ಅದು. ಹದಿನೈದು ದಿನದೊಳಗೆ ಆರ್ಡರ್ ಬಂತು: ಇನ್ನು ಮುಂದೆ ಪಾಠ, ಪರೀಕ್ಷೆ, ರಜೆ ಎಲ್ಲವನ್ನೂ ಊರಿನ ಕಮಿಟಿಯ ಜೊತೆ ಕೂತೇ ಗೊತ್ತು ಮಾಡಬೇಕು. ಮುಂದಿನ ವರ್ಷ ಕಾಫಿ ಪಿಕಿಂಗ್ ಸಮಯಕ್ಕೂ ರಜೆ ಸಿಕ್ಕಿತು. ಅದರಿಂದಾಗಿ ಎಸ್ಟೇಟ್ ಲೈನುಮನೆಗಳ ಕೂಲಿ ಹೆಂಗಸರೂ ಕಾಲೇಜಿಗೆ ಸೇರಿದರು. ನಾನು ಗೊಣಗಿದ ಆ ರುಜುವಿನ ನಿಯಮವೇ ಇಷ್ಟಕ್ಕೂ ದಾರಿ ಮಾಡಿತ್ತು. ಅದು ಇಲ್ಲದಿದ್ದರೆ ನಮ್ಮ ತಪ್ಪು ಯಾರ ಕಿವಿಗೂ ಬೀಳುತ್ತಿರಲಿಲ್ಲ.

ನನಗೆ ಅದೇ ಊರಿನಲ್ಲಿ ಕೆಲಸ ಕೊಟ್ಟರು. ಮೊದಮೊದಲು ಒಂದು ಮನೆಯವರೂ ಕರೆಯಲಿಲ್ಲ. ಮಳೆಗೆ ಮುಂಚೆ ಒಂದು ಬೆಳಿಗ್ಗೆ ಗೌಡರಿಂದ ಕರೆ ಬಂತು. ಹೋದರೆ ಜಗಲಿಯ ಮೇಲೆ ಬಿತ್ತನೆ ಭತ್ತದ ಮೂಟೆ ಬಿಚ್ಚಿಟ್ಟಿದ್ದರು. "ಉಪ್ಪುನೀರಲ್ಲಿ ಹಾಕಿ ಜೊಳ್ಳು ತೆಗಿಯುದು ಕಲ್ತಿದ್ದೀಯಂತಲ್ಲ, ಮಾಡಿ ತೋರ್ಸು" ಎಂದರು. ಬೇಲಿಯಾಚೆ ಅಕ್ಕಪಕ್ಕದ ಮನೆಯವರು ಬಂದು ನಿಂತಿದ್ದರು. ಈ ಮನೆಯ ಬೀಜವನ್ನು ಹೊರಗಿನವರು ಮುಟ್ಟಿದ್ದು ಇದೇ ಮೊದಲು ಎಂದು ಗೌಡರ ಹೆಂಡತಿ ನನ್ನ ಕೈಗೆ ಮೊರ ಕೊಡುತ್ತಾ ಹೇಳಿದರು. ನಾನು ಮೊರ ಹಿಡಿದು ಅಲ್ಲೇ ಕೂತು ಅತ್ತುಬಿಟ್ಟೆ.