ಶಾಂತಕ್ಕನ ಕಂಪ್ಯೂಟರಿನ ಕಾವಲು

ಹೊನ್ನಾಳಿಯಲ್ಲಿ ಶಾಂತಾದೇವಿ ಎಂದು ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಟೈಪಿಂಗ್ ಶಾಂತಕ್ಕ ಎಂದರೆ ಸಾಕು, ಬಸ್‌ಸ್ಟ್ಯಾಂಡಿನ ಹಣ್ಣಿನವನೂ ಕೈ ಚಾಚಿ ಮನೆ ತೋರಿಸುತ್ತಿದ್ದ. ಎಪ್ಪತ್ತರ ದಶಕದ ಮೊದಲಲ್ಲಿ, ಗಂಡನೊಂದಿಗೆ ಬಾಳ್ವೆ ಹೊಂದದೆ ಜಗಳೂರಿನಿಂದ ತವರಿಗೆ ಬಂದವಳು ಅವಳು. ಅಪ್ಪ ಬಿಟ್ಟುಹೋದ ಮನೆಯ ಪಡಸಾಲೆಯಲ್ಲಿ ಎರಡು ಹಳೆಯ ಟೈಪ್‌ರೈಟರ್ ಇಟ್ಟು ಇನ್‌ಸ್ಟಿಟ್ಯೂಟ್ ತೆರೆದಳು. ಗಂಡನ ಮನೆಯಲ್ಲಿ ನಿಲ್ಲದವಳು ಏನು ಕಲಿಸುತ್ತಾಳೆ ಎಂದು ನಕ್ಕವರ ಮಕ್ಕಳೇ ಮುಂದೆ ಅವಳ ಹತ್ತಿರ ಕಲಿತು ತಾಲ್ಲೂಕು ಕಚೇರಿಯ ಕುರ್ಚಿಯಲ್ಲಿ ಕುಳಿತರು. ತಪ್ಪು ಅಕ್ಷರ ಹೊಡೆದವರ ಬೆರಳ ಗೆಣ್ಣಿಗೆ ಅವಳ ರೂಲುದೊಣ್ಣೆ ಬೀಳುತ್ತಿತ್ತು. ಅವಳ ಹಾಳೆಯಲ್ಲಿ ಅಳಿಸಿ ತಿದ್ದಿದ ಗುರುತನ್ನು ಕಂಡವರಿರಲಿಲ್ಲ. ‘ಶಾಂತಕ್ಕನ ಕೈ ತಪ್ಪಲ್ಲ’ ಎಂದು ಊರು ಹೇಳುತ್ತಿತ್ತು. ಊರು ಹೇಳಿದ್ದನ್ನು ಅವಳು ನಂಬಿಬಿಟ್ಟಳು.

ಗಾದಿ ಹೊಲಿಯುವ ಗೌಸ್‌ಪೀರನ ಮಗಳು ದಿಲ್‌ಶಾದ್ ಫೀಸು ಕೊಡಲಾಗದೆ, ಪಡಸಾಲೆ ಗುಡಿಸಿ ಟೈಪಿಂಗ್ ಕಲಿತವಳು. ಪರೀಕ್ಷೆ ಪಾಸಾದ ಮೇಲೂ ಅಲ್ಲಿಯೇ ಉಳಿದುಕೊಂಡಳು. ಹತ್ತಿಯ ದೂಳು ಕುಡಿದು ಕುಡಿದು ಗೌಸ್‌ಪೀರನ ಎದೆ ಆಗಲೇ ಕೂತುಹೋಗಿತ್ತು. ಮಗಳು ತರುವ ಸಂಬಳದಲ್ಲಿಯೇ ಆ ಮನೆಯ ಒಲೆ ಉರಿಯಬೇಕಾಗಿತ್ತು. ದಾವಣಗೆರೆಯ ಹತ್ತಿ ಮಿಲ್ಲೊಂದು ಮಾರಿದ ಹಳೆಯ ಕಂಪ್ಯೂಟರನ್ನು ಶಾಂತಕ್ಕ ಕೊಂಡು ತಂದು ನಡುಮನೆಯಲ್ಲಿ ಇಟ್ಟಾಗ ಅದರ ಮುಂದೆ ಹೆಚ್ಚು ಹೊತ್ತು ಕುಳಿತವಳು ದಿಲ್‌ಶಾದಳೇ. ಶಾಲೆಗಳ ಸಂಬಳದ ಬಿಲ್ಲು, ಅಡಿಕೆ ಮಂಡಿಗಳ ಲೆಕ್ಕ ಎಲ್ಲವನ್ನೂ ಅವಳೇ ತುಂಬುತ್ತಿದ್ದಳು. ಶಾಂತಕ್ಕ ಹಿಂದೆ ನಿಂತು ತಪ್ಪು ಹುಡುಕುತ್ತಿದ್ದಳು. ಸಿಗದಿದ್ದರೆ ಅವಳಿಗೆ ಆ ದಿನ ಊಟ ಸೇರುತ್ತಿರಲಿಲ್ಲ.

ಎಂಬತ್ತೊಂಬತ್ತರಲ್ಲಿ ಪತ್ರಿಕೆಗಳಲ್ಲಿ ಕಂಪ್ಯೂಟರ್ ವೈರಸ್ಸಿನ ಸುದ್ದಿ ಬರತೊಡಗಿತು. ಯಾರೋ ದುರುಳರು ಬರೆದ ಪ್ರೋಗ್ರಾಮು ಫ್ಲಾಪಿಯಿಂದ ಫ್ಲಾಪಿಗೆ ಹಾರಿ ಒಳಗಿನ ಲೆಕ್ಕವನ್ನೆಲ್ಲ ನುಂಗುತ್ತದಂತೆ. ಶಾಂತಕ್ಕ ಆ ಸುದ್ದಿಯನ್ನು ಎರಡೆರಡು ಸಲ ಓದಿದಳು. ಮರುದಿನವೇ ಬಸ್ಸು ಹತ್ತಿ ದಾವಣಗೆರೆಗೆ ಹೋಗಿ, ತನ್ನ ಕಂಪ್ಯೂಟರು ರಿಪೇರಿ ಮಾಡುವ ಇಂಜಿನಿಯರನ್ನು ಹಿಡಿದಳು.

“ಎರಡು ದಾರಿ ಅದಾವ್ರಿ ಮೇಡಂ,” ಎಂದ ಆತ. “ವೈರಸ್ ತಡಿಯಾಕೆ ಅಂತ ಕಂಪನಿಯವರು ಸೀಲ್ ಮಾಡಿ ಕಳಿಸೋ ವ್ಯಾಕ್ಸಿನ್ ಫ್ಲಾಪಿ ಐತೆ, ಅದನ್ನ ತಗೊಳ್ರಿ. ಇಲ್ಲಾಂದ್ರೆ ಹೊರಗಿನ ಫ್ಲಾಪಿ ಒಂದನ್ನೂ ಒಳಗೆ ಬಿಡಬ್ಯಾಡ್ರಿ. ಎರಡೂ ಮಾಡಿದ್ರೆ ಇನ್ನೂ ಚಲೋ.”

ಬೆಲೆ ಕೇಳಿ ಶಾಂತಕ್ಕ ನಕ್ಕಳು. “ಒಂದು ಫ್ಲಾಪಿಗೆ ಇಷ್ಟಾ? ಅದನ್ನ ನೀವು ಕಾಪಿ ಮಾಡಿ ಕೊಟ್ರೆ ನಿಮ್ಮದೇನು ಸವೀತೈತೆ?”

“ನಂದೇನೂ ಸವೆಯಲ್ಲ. ಆದ್ರೆ ಕಾಪಿ ಎಲ್ಲೆಲ್ಲಿ ತಿರುಗಿ ಬಂದೈತೆ ಅಂತ ಹೇಳಾಕೆ ಬರಲ್ಲ.”

ಇದು ಅವಳ ತಲೆಗೆ ಇಳಿಯಲಿಲ್ಲ. ಇಳಿಯುವುದಾದರೂ ಹೇಗೆ? ಮೊಸರಿಗೆ ಹೆಪ್ಪು ಬೇಕಾದರೆ ನಮ್ಮ ಕಡೆಯ ಹೆಂಗಸರು ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುತ್ತಾರೆ. ಕೊಟ್ಟವರಿಗೆ ಕಡಿಮೆಯಾಗುವುದಿಲ್ಲ, ತಂದವರ ಗಡಿಗೆ ತುಂಬುತ್ತದೆ. ದೀಪ ಹಚ್ಚಿದ ಮೇಲೆ ಕೊಡಬಾರದು ಎನ್ನುವುದು ಬಿಟ್ಟರೆ ಅದಕ್ಕೆ ಬೇರೆ ಕಟ್ಟಳೆಯಿಲ್ಲ. ಒಳ್ಳೆಯ ಮನೆಯಿಂದ ತಂದದ್ದು ಒಳ್ಳೆಯದೇ ಆಗಿರುತ್ತದೆ, ಅಷ್ಟೆ. “ಹೆಪ್ಪನ್ನ ಯಾರಾದ್ರೂ ದುಡ್ಡು ಕೊಟ್ಟು ತರ್ತಾರೇನ್ರಿ?” ಎಂದು ಕೇಳಿ ಅವಳು ಎದ್ದು ಬಂದಳು.

ಒಳ್ಳೆಯ ಮನೆ ಯಾವುದೆಂದು ಅವಳಿಗೆ ಗೊತ್ತಿತ್ತು. ಸೋದರಮಾವನ ಮಗ ವಿರೂಪಾಕ್ಷಪ್ಪ ಚನ್ನಗಿರಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಮಂಡಿಗಳ ಲೆಕ್ಕ ಮಾಡುತ್ತಿದ್ದ. ಲಿಂಗಪೂಜೆ ಮಾಡದೆ ನೀರು ಮುಟ್ಟದ ಮನುಷ್ಯ. ಅವನ ಹತ್ತಿರ ವ್ಯಾಕ್ಸಿನ್ ಫ್ಲಾಪಿಯ ಕಾಪಿಯೊಂದಿತ್ತು. ಅವನಿಗೆ ಅದನ್ನು ಕೊಟ್ಟವನು ನಲ್ಲೂರಿನವನು, ನಲ್ಲೂರಿನವನಿಗೆ ಕೊಟ್ಟವನು ಇನ್ನಾರೋ. ವಿರೂಪಾಕ್ಷಪ್ಪ ತಕ್ಷಣ ಕಾಪಿ ಮಾಡಿಕೊಟ್ಟ. ಮನೆಯವರು ಮಂಡಕ್ಕಿ, ಮೆಣಸಿನಕಾಯಿ ಕೊಟ್ಟು ಉಪಚರಿಸಿದರು.

“ಬೆಳಿಗ್ಗೆ ಮೊದ್ಲು ಇದನ್ನ ಒಳಗೆ ಹಾಕಿ, ಆಮೇಲೆ ಮಿಷನ್ ಚಾಲೂ ಮಾಡಬೇಕು ಶಾಂತಕ್ಕ,” ಎಂದು ಅವನು ಹೇಳಿಕೊಟ್ಟ.

ಶಾಂತಕ್ಕ ಹಾಗೆಯೇ ಮಾಡಿದಳು. ದಿನವೂ ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು, ಫ್ಲಾಪಿಯನ್ನು ಕಣ್ಣಿಗೊತ್ತಿಕೊಂಡು ತೂರಿಸುತ್ತಿದ್ದಳು. ದಿಲ್‌ಶಾದಳಿಗೆ ಅದನ್ನು ಮುಟ್ಟುವ ಅಪ್ಪಣೆ ಇರಲಿಲ್ಲ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಪರದೆಯ ಮೇಲೆ ಚೆಂಡಿನಂತಹ ಒಂದು ಚುಕ್ಕೆ ಕಾಣಿಸಿಕೊಂಡು ಆ ಮೂಲೆಯಿಂದ ಈ ಮೂಲೆಗೆ ಪುಟಿಯತೊಡಗಿತು. ಮೊದಲು ಓಣಿಯ ಜನ ಬಂದು ನೋಡಿ ಚಪ್ಪಾಳೆ ತಟ್ಟಿದರು. ಆಮೇಲೆ ಲೆಕ್ಕ ತೆರೆದರೆ ಅಂಕಿಗಳ ಜಾಗದಲ್ಲಿ ಏನೇನೋ ಗೀಟುಗಳು ಬಂದವು. ಅಡಿಕೆ ಮಂಡಿಯ ನಾಗರಾಜಪ್ಪನ ವರ್ಷದ ಲೆಕ್ಕವೇ ಹೋಗಿತ್ತು. ಆತ ಧೋತರದ ಚುಂಗು ಹಿಡಿದುಕೊಂಡು ಬಂದವನೇ ಪಡಸಾಲೆಯಲ್ಲಿ ಹುಡುಗ ಹುಡುಗಿಯರೆಲ್ಲರ ಮುಂದೆ ಕೂಗಾಡಿದ.

“ಶಾಂತಕ್ಕನ ಕೈ ತಪ್ಪಲ್ಲ ಅಂತಿದ್ರಲ್ರೀ ಎಲ್ಲಾ! ಈಗ ಇದು ಯಾರ ತಪ್ಪು?”

ಟೈಪ್‌ರೈಟರುಗಳ ಸದ್ದು ನಿಂತಿತು. ಎಲ್ಲರ ಕಣ್ಣೂ ತನ್ನ ಮೇಲಿರುವುದು ಶಾಂತಕ್ಕನಿಗೆ ತಿಳಿಯಿತು. ಇಷ್ಟು ವರ್ಷ ಅವಳು ಬೇರೆಯವರನ್ನು ಹಾಗೆ ನಿಲ್ಲಿಸಿದ್ದಳು, ತಾನು ನಿಂತಿರಲಿಲ್ಲ. ಅಷ್ಟರಲ್ಲಿ ಗೋಡೆಗೆ ತೂಗುಹಾಕಿದ್ದ ದಿಲ್‌ಶಾದಳ ಚೀಲ ಕಣ್ಣಿಗೆ ಬಿತ್ತು. ಹೋಗಿ ಅದಕ್ಕೆ ಕೈ ಹಾಕಿದಳು. ಊಟದ ಡಬ್ಬಿಯ ಪಕ್ಕದಲ್ಲಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟ ಒಂದು ಫ್ಲಾಪಿ ಸಿಕ್ಕಿತು.

“ಇದ್ಯಾವುದೇ ಇದು?”

“ನಂದೇ ಅಕ್ಕಾ. ಪ್ರಾಕ್ಟೀಸ್ ಮಾಡಾಕೆ ಅಂತ ನೀವೇ ಕೊಟ್ಟಿದ್ರಲ್ಲ.”

“ಮನೀಗೆ ಯಾಕೆ ಒಯ್ತಿದ್ದೆ?”

“ಇಲ್ಲಿಟ್ರೆ ಯಾರಾದ್ರೂ ತುಳೀತಾರೆ ಅಂತ. ಟ್ರಂಕಿನಾಗೆ ಇಡ್ತಿದ್ದೆ.”

“ನೋಡಿದ್ರಾ ನಾಗರಾಜಪ್ಪನೋರೇ! ಹೊರಗಿನ ಫ್ಲಾಪಿ ಒಳಗೆ ಬಿಡಬ್ಯಾಡ್ರಿ ಅಂತ ಇಂಜಿನಿಯರು ಬಡ್ಕೊಂಡಿದ್ರು. ಇವಳು ಕದ್ದು ಒಯ್ದು, ತಂದು ಹಾಕ್ಯಾಳೆ!”

ಗೌಸ್‌ಪೀರನ ಮನೆಯಲ್ಲಿ ಕಂಪ್ಯೂಟರು ಹೋಗಲಿ, ಕರೆಂಟೇ ಇರಲಿಲ್ಲ. ಫ್ಲಾಪಿಯೊಳಕ್ಕೆ ವೈರಸ್ಸು ಬರಬೇಕಾದರೆ ಅದನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿರಬೇಕು. ಅಷ್ಟು ಜನರಲ್ಲಿ ಒಬ್ಬನಾದರೂ ಈ ಮಾತು ಕೇಳಬಹುದಿತ್ತು. ಯಾರೂ ಕೇಳಲಿಲ್ಲ. ನಾಗರಾಜಪ್ಪನಿಗೂ ಬೈಯಲು ಶಾಂತಕ್ಕನಿಗಿಂತ ಗಾದಿಯವನ ಮಗಳು ಸಲೀಸಾಗಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಊರಿಗೆ ಬರೆ ಹಾಕಲು ಎಮ್ಮೆಯೊಂದು ಸಿಕ್ಕಿತು.

“ಅಕ್ಕಾ, ಆ ಫ್ಲಾಪೀನ ಎಷ್ಟೋ ದಿನದಿಂದ ನಾನು ಹಾಕೇ ಇಲ್ಲ, ಅಲ್ಲಾನಾಣೆಗೂ ಇಲ್ಲ,” ಎಂದಳು ದಿಲ್‌ಶಾದ್.

“ನಡಿ ಆಚೆ,” ಎಂದಳು ಶಾಂತಕ್ಕ. ಪಡಸಾಲೆಯ ಕಣ್ಣುಗಳೆಲ್ಲ ಆಗ ಅವಳನ್ನು ಬಿಟ್ಟು ದಿಲ್‌ಶಾದಳ ಕಡೆ ತಿರುಗಿದವು.

ವಾರ ಕಳೆದು ಇಂಜಿನಿಯರು ಬಂದ. ಮನೆಯಲ್ಲಿದ್ದ ಫ್ಲಾಪಿಗಳನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ಒಂದೊಂದಾಗಿ ಪರೀಕ್ಷಿಸಿದ. ಎಲ್ಲದರಲ್ಲಿಯೂ ವೈರಸ್ಸಿತ್ತು, ಒಂದನ್ನು ಬಿಟ್ಟು.

“ಇದು ಯಾರದು? ಅಂಚಿಗೆ ಪಟ್ಟಿ ಅಂಟಿಸ್ಯಾರೆ, ಹಿಂಗೆ ಮಾಡಿದ್ರೆ ಒಳಗೆ ಏನೂ ಹೋಗಲ್ಲ. ಪೂರಾ ಚೊಕ್ಕ ಐತೆ.” ಅದು ದಿಲ್‌ಶಾದಳದು. ಆಮೇಲೆ ವಿಭೂತಿ ಮೆತ್ತಿದ ವ್ಯಾಕ್ಸಿನ್ ಫ್ಲಾಪಿಯನ್ನು ಎತ್ತಿಕೊಂಡು, “ಇದನ್ನ ಎಲ್ಲಿಂದ ತಂದ್ರಿ?” ಎಂದು ಕೇಳಿದ.

“ಚನ್ನಗಿರಿಯಿಂದ. ನಮ್ಮ ವಿರೂಪಾಕ್ಷಪ್ಪ...”

“ಅಯ್ಯೋ ಮೇಡಂ! ಅವರ ಮಿಷನ್ನಿನಾಗೂ ಇದೇ ಚೆಂಡು ಕುಣೀತಿತ್ತು, ಹೋದ ತಿಂಗಳು ನಾನೇ ತೆಗೆದು ಬಂದೆ. ದಿನಾ ಇದನ್ನ ಹಾಕಿ ಚಾಲೂ ಮಾಡ್ತಿದ್ರಾ? ಹಂಗಾದ್ರೆ ನೀವೇ ಕೈಯಾರೆ ಒಳಗೆ ಕರ್ಕೊಂಡೀರಿ.” ಆತ ನಕ್ಕ. ಕೆಟ್ಟ ಮನುಷ್ಯನೇನಲ್ಲ, ಆ ಫ್ಲಾಪಿಯಿಂದ ಒಂದು ಮನೆಯ ಒಲೆ ಆರಿದ್ದು ಅವನಿಗೆ ಗೊತ್ತಿರಲಿಲ್ಲ.

ಶಾಂತಕ್ಕ ಎದ್ದು ನಡುಮನೆಯ ಬಾಗಿಲು ಮುಂದೆ ಮಾಡಿದಳು. ಪಡಸಾಲೆಯಲ್ಲಿ ಹುಡುಗರಿದ್ದರು. “ಇದನ್ನ ಯಾರ ಮುಂದೂ ಹೇಳಾಕೆ ಹೋಗಬ್ಯಾಡ್ರಿ,” ಎಂದಳು. ಸೀಲ್ ಮಾಡಿದ ವ್ಯಾಕ್ಸಿನ್ ಫ್ಲಾಪಿಯನ್ನು ಅವತ್ತು ಬೆಲೆ ಕೇಳದೆ ಕೊಂಡಳು. ಊಟದ ಹೊತ್ತಿಗೆ ತಟ್ಟೆಯ ಮುಂದೆ ಕುಳಿತು, ದಿಲ್‌ಶಾದಳನ್ನು ಕರೆಸಬೇಕು ಎಂದುಕೊಂಡಳು. ಕರೆಸಿದರೆ ಯಾಕೆ ಕರೆಸಿದಿರಿ ಎಂದು ನಾಗರಾಜಪ್ಪ ಕೇಳುತ್ತಾನೆ. ಕಲಿಯುವ ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಜಗಳೂರಿನ ಗಂಡನ ಮನೆಗೂ ಸುದ್ದಿ ಮುಟ್ಟುತ್ತದೆ. ಅನ್ನ ಕಲಸಿ ಉಂಡಳು, ಮಜ್ಜಿಗೆಯನ್ನೂ ಹಾಕಿಕೊಂಡಳು.

ದಿಲ್‌ಶಾದಳಿಗೆ ಊರಿನಲ್ಲಿ ಎಲ್ಲಿಯೂ ಕೆಲಸ ಸಿಗಲಿಲ್ಲ. ವಕೀಲರ ಆಫೀಸಿನಲ್ಲಿ ಕೇಳಿದರೆ, “ನಮ್ಮ ಫೈಲುಗಳನ್ನೂ ಮನೀಗೆ ಒಯ್ತೀಯೇನಮ್ಮಾ?” ಎಂದು ನಕ್ಕರು. ಅಪ್ಪನ ಜೊತೆ ಕುಳಿತು ಗಾದಿಗೆ ಹತ್ತಿ ತುಂಬತೊಡಗಿದಳು. ಅಕ್ಷರಗಳನ್ನು ಕಣ್ಣುಮುಚ್ಚಿ ಹೊಡೆಯುತ್ತಿದ್ದ ಬೆರಳುಗಳಿಗೆ ಗಾದಿ ಹೊಲಿಯುವ ದಬ್ಬಳ ಬಂತು. ಅವಳಿಗೂ ಕೆಮ್ಮು ಹತ್ತಿತು.

ಹೊಸ ವರ್ಷದ ಮೊದಲಿಗೆ ನ್ಯಾಮತಿಯ ನಿರ್ಮಲಮ್ಮ ಎನ್ನುವವರು ಶಾಂತಕ್ಕನ ಮನೆಗೆ ಬಂದರು. ತಮ್ಮೂರಿನಲ್ಲಿ ಕಂಪ್ಯೂಟರ್ ಕ್ಲಾಸು ತೆರೆಯುವವರಿದ್ದರು.

“ದಿಲ್‌ಶಾದ್ ಅನ್ನೋ ಹುಡುಗಿ ಕೆಲಸ ಕೇಳ್ಕೊಂಡು ಬಂದಿದ್ಲು. ಇಲ್ಲಿ ನಡೆದದ್ದನ್ನ ಒಂದೂ ಮುಚ್ಚಿಡದೆ ಹೇಳಿದ್ಲು. ‘ಇಂಜಿನಿಯರು ಬಂದು ನೋಡಿ ಹೋಗ್ಯಾರೆ, ಅಕ್ಕಗೆ ಈಗ ನಿಜ ಗೊತ್ತಾಗೈತೆ. ಅವರನ್ನೇ ಕೇಳ್ರಿ, ಅವರು ಸುಳ್ಳು ಹೇಳೋರಲ್ಲ’ ಅಂದ್ಲು. ಅದಕ್ಕೇ ಬಂದೆ. ನೀವು ಹೂಂ ಅಂದ್ರೆ ಸೋಮವಾರದಿಂದಲೇ ಬಾ ಅಂತೀನಿ.”

ಒಂದು ಹೂಂ ಸಾಕಿತ್ತು. ಚನ್ನಗಿರಿಯ ಹೆಸರೂ ಬೇಕಿರಲಿಲ್ಲ, ತಪ್ಪೊಪ್ಪಿಗೆಯೂ ಬೇಕಿರಲಿಲ್ಲ. ಆದರೆ ಆ ಹುಡುಗಿ ನ್ಯಾಮತಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತರೆ ಜನ ಏನೆನ್ನುತ್ತಾರೆ? ಅವಳದು ತಪ್ಪಿಲ್ಲವಂತೆ, ಹಾಗಾದರೆ ಇನ್ನಾರದು, ಎನ್ನುತ್ತಾರೆ. ಶಾಂತಕ್ಕ ಕಾಫಿಯ ಲೋಟವನ್ನು ನಿರ್ಮಲಮ್ಮನ ಕೈಗಿತ್ತಳು.

“ಹುಡುಗಿ ಬುದ್ಧಿವಂತೆ ಅದಾಳ್ರಿ. ನನ್ನ ಬಾಯಿಂದ ಒಬ್ಬರ ಅನ್ನ ಯಾಕೆ ಕೀಳ್ಲಿ? ಆದ್ರೆ ನನಗೆ ಆದದ್ದು ನಿಮಗೆ ಆಗೋದು ಬ್ಯಾಡ.”

ನಿರ್ಮಲಮ್ಮನಿಗೆ ಅಷ್ಟರಲ್ಲಿಯೇ ಅರ್ಥವಾಯಿತು. “ಬಾಯಿಬಿಟ್ಟು ಕೆಟ್ಟದ್ದು ಹೇಳಲಿಲ್ಲ ನೋಡ್ರಿ, ದೊಡ್ಡ ಗುಣ ನಿಮ್ಮದು,” ಎಂದರು. ಶಾಂತಕ್ಕ ತಲೆ ತಗ್ಗಿಸಿ ಆ ಮಾತನ್ನು ತೆಗೆದುಕೊಂಡಳು. ಕುಂಕುಮ ಕೊಟ್ಟು, ಬಸ್ಸಿಗೆ ಹತ್ತಿಸಿ ಬಂದಳು.

ಬಸ್‌ಸ್ಟ್ಯಾಂಡಿನಿಂದ ಹಿಂದಿರುಗುವಾಗ ದಿಲ್‌ಶಾದ್ ಎದುರಾದಳು. ತಲೆಯ ಸೆರಗಿನ ಮೇಲೆ ಹತ್ತಿಯ ಎಳೆಗಳು ಕೂತಿದ್ದವು. ನಿರ್ಮಲಮ್ಮ ಬಂದದ್ದನ್ನು ನೋಡಿದ್ದಳೇನೋ, ಓಡಿಬಂದಂತೆ ಏದುಸಿರು ಬಿಡುತ್ತಿದ್ದಳು.

“ಅಕ್ಕಾ, ಏನಂದ್ರಿ ಅವರಿಗೆ?”

“ಒಳ್ಳೇದೇ ಹೇಳೀನಿ, ಹೋಗು,” ಎಂದಳು ಶಾಂತಕ್ಕ.

ದಿಲ್‌ಶಾದಳ ಕಣ್ಣು ತುಂಬಿಬಂದವು. ಬೀದಿ ಎನ್ನುವುದನ್ನೂ ನೋಡದೆ ಬಗ್ಗಿ ಅವಳ ಕಾಲು ಮುಟ್ಟಿದಳು. ಆ ಸಂಜೆ ಗೌಸ್‌ಪೀರ್ ಕೆಮ್ಮುತ್ತಲೇ ಓಣಿಯ ಮನೆಮನೆಗೆ ಹೋಗಿ, ಮಗಳಿಗೆ ಸೋಮವಾರದಿಂದ ನ್ಯಾಮತಿಯಲ್ಲಿ ಕೆಲಸ ಎಂದು ಹೇಳಿ ಸಕ್ಕರೆ ಹಂಚಿದ.