ತಾತನ ಫೋಟೋ ಕೆಳಗೆ ಬರೆದ ಸುಳ್ಳು

ತಾತನ ಫೋಟೋವನ್ನು ಎಲ್ಲರೆದುರಿಗೇ ಗೋಡೆಯಿಂದ ತೆಗೆದುಕೊಂಡು ಬಂದೆ. ಇನ್ನೂ ಸಿಟ್ಟು ಆರಿಲ್ಲ.

ಇವತ್ತು ಬೆಳಿಗ್ಗೆ ಮಲ್ಲೇಶ್ವರದಲ್ಲಿ ನಡೆದದ್ದು ಇದು. ನಮ್ಮ ಏರಿಯಾದ ನಿವಾಸಿಗಳ ಸಂಘದವರು ಒಂದು ಫೋಟೋ ಎಕ್ಸಿಬಿಷನ್ ಇಟ್ಟುಕೊಂಡಿದ್ದರು. ಇಲ್ಲಿ ವಾಸವಿರುವ ಕುಟುಂಬಗಳಿಂದ ಎರಡನೇ ಮಹಾಯುದ್ಧಕ್ಕೆ ಹೋಗಿದ್ದವರ ನೆನಪಿಗೆ.

"ನಿಮ್ಮ ತಾತ, ಮುತ್ತಾತ ಯಾರಾದರೂ ಇದ್ದರೆ ವಿವರ ಕಳಿಸಿ" ಅಂತ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬಂದಾಗ ನನಗೆ ಎಷ್ಟು ಖುಷಿಯಾಗಿತ್ತು ಗೊತ್ತಾ? ಅಪ್ಪನ ಅಪ್ಪ ಬರ್ಮಾ ಗಡಿಗೆ ಹೋಗಿ ಬಂದವರು. ಯೂನಿಫಾರ್ಮಿನಲ್ಲಿ ನಿಂತಿರುವ ಒಂದೇ ಒಂದು ಫೋಟೋ ನಮ್ಮ ಮನೆಯಲ್ಲಿದೆ.

ಆದರೆ ಅಲ್ಲಿ ಏನು ಕೆಲಸ ಮಾಡಿದರು ಎಂದು ಯಾರೂ ಬಾಯಿ ಬಿಟ್ಟಿರಲಿಲ್ಲ. ಅಪ್ಪ ಬದುಕಿದ್ದಷ್ಟು ದಿನ "ಮಿಲಿಟ್ರೀಲಿದ್ರು" ಎಂದು ಹೇಳಿ ಎದ್ದು ಹೋಗಿಬಿಡುತ್ತಿದ್ದರು.

ಸರಿ, ನಾನೇ ಹುಡುಕೋಣ ಅಂತ ಹೊರಟೆ. ಆನ್‌ಲೈನ್‌ನಲ್ಲಿ ತಡಕಾಡಿದೆ, ಅಲ್ಲಿ ಇಲ್ಲಿ ಮೇಲ್ ಹಾಕಿದೆ. ಏನೂ ಸಿಗಲಿಲ್ಲ. ಕೊನೆಗೆ ಬಿನ್ನಿಪೇಟೆಯಲ್ಲಿರುವ ಅತ್ತೆಯ ಹತ್ತಿರ ಹೋಗಿ ಕೂತೆ. ಅಪ್ಪನ ಅಕ್ಕ, ಎಂಬತ್ತು ದಾಟಿದ್ದಾರೆ.

ಕೇಳಿದ್ದಕ್ಕೆ ಅತ್ತೆ ನೇರವಾಗಿ ಹೇಳಿದರು.

"ಸಿಪಾಯಿ ಆಗ್ಬೇಕು ಅಂತಾನೇ ಹೋಗಿದ್ದು ನಮ್ಮಪ್ಪ. ಜಾತಿ ಕೇಳಿ ಕೈಗೆ ಪೊರಕೆ ಕೊಟ್ರು."

ಯುದ್ಧದ ಆಸ್ಪತ್ರೆಯೊಂದರಲ್ಲಿ ಕಕ್ಕಸು ತೊಳೆಯುವ ಕೆಲಸ. ಟೆಂಟುಗಳ ತುಂಬಾ ಗಾಯಗೊಂಡವರು, ಅವರಲ್ಲಿ ಎಷ್ಟೋ ಜನಕ್ಕೆ ರಕ್ತಭೇದಿ. ಮಂಚದಿಂದ ಏಳಲಾಗದವರ ಮಲಮೂತ್ರ ಎತ್ತಿ, ದೂರದಲ್ಲಿ ಗುಂಡಿ ತೋಡಿ ಹೂಳುತ್ತಿದ್ದರಂತೆ. ಬಾಂಬ್ ಬೀಳುವಾಗಲೂ.

"ನಾನು ಒಂದಿನ ಕೈ ಬಿಟ್ಟಿದ್ರೆ ಇಡೀ ಆಸ್ಪತ್ರೆ ಮಲಗ್ಬಿಡ್ತಿತ್ತು ಅಂತಿದ್ರಮ್ಮ. ಹೆಮ್ಮೆಯಿಂದ್ಲೇ ಹೇಳ್ತಿದ್ರು. ನಾಚ್ಕೆ ಆಗ್ತಿದ್ದಿದ್ದು ನಿಮ್ಮಪ್ಪಂಗೆ."

ಕೊನೆಗೆ ತಾತನಿಗೂ ಅದೇ ಭೇದಿ ಹತ್ತಿಕೊಂಡು, ಮೂಳೆ ಚಕ್ಕಳವಾಗಿ ಬೆಂಗಳೂರಿಗೆ ಬಂದರು. ಚೇತರಿಸಿಕೊಂಡ ಮೇಲೆ ಬಟ್ಟೆ ಮಿಲ್ಲಿಗೆ ಸೇರಿದರು.

ಅತ್ತೆ ಹೇಳಿದ್ದನ್ನು ಹೇಳಿದ ಹಾಗೇ ಬರೆದು, ಫೋಟೋ ಜೊತೆ ಸಂಘಕ್ಕೆ ಕಳಿಸಿದ್ದೆ.

ಇವತ್ತು ಅತ್ತೆಯನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಮದುವೆಗೆ ಹೊರಟವರ ಹಾಗೆ ರೇಷ್ಮೆ ಸೀರೆ ಉಟ್ಟಿದ್ದರು. ತಾತನ ಫೋಟೋ ದೊಡ್ಡದಾಗಿ ಪ್ರಿಂಟಾಗಿ, ಫ್ರೇಮಿನೊಳಗೆ ಗೋಡೆಯ ಮೇಲಿತ್ತು.

ಆಮೇಲೆ ಫ್ರೇಮಿನ ಕೆಳ ಅಂಚಿಗೆ ಅಂಟಿಸಿದ ಚೀಟಿ ಓದಿದೆ. "ಸೈನಿಕ, ವೈದ್ಯಕೀಯ ದಳ. ಬರ್ಮಾದಲ್ಲಿ ಶತ್ರುಗಳ ವಿರುದ್ಧ ಹೋರಾಡಿದ ವೀರ."

ಸಂಘದ ಕಾರ್ಯದರ್ಶಿ ನಗುನಗುತ್ತಾ ಬಂದರು. ಇದನ್ನು ಯಾಕೆ ಬದಲಾಯಿಸಿದಿರಿ ಎಂದು ಕೇಳಿದೆ.

"ಮೇಡಂ, ಮಕ್ಳೆಲ್ಲ ಬಂದು ನೋಡ್ತಾರೆ. ಕಕ್ಕಸು ಗಿಕ್ಕಸು ಅಂತೆಲ್ಲ ಹಾಕಿದ್ರೆ ಚೆನ್ನಾಗಿರಲ್ಲ. ನಿಮ್ ತಾತಂಗೇ ಒಂದು ಮರ್ಯಾದೆ ಇರ್ಲಿ ಅಂತ..."

ಪಕ್ಕದ ಫ್ರೇಮಿನಲ್ಲಿದ್ದವರು ಯುದ್ಧ ಮುಗಿಯುವ ತನಕ ಇಲ್ಲೇ ಕಂಟೋನ್ಮೆಂಟಿನಲ್ಲಿ ಕೂತು ಸಂಬಳದ ಲೆಕ್ಕ ಬರೆದ ಗುಮಾಸ್ತರು. ಅದನ್ನು ಹಾಗೇ ಹಾಕಿದ್ದಾರೆ. ಅದು ಮಕ್ಕಳು ಓದಬಹುದಾದ ಕೆಲಸ!

"ಸರ್, ಅವ್ರು ಲೆಕ್ಕ ಬರೆದಿದ್ದನ್ನ ಹೇಳ್ಬಹುದು, ನಮ್ ತಾತ ಸಾಯೋರ ಹೇಲು ಬಳಿದಿದ್ದನ್ನ ಹೇಳ್ಬಾರ್ದಾ?"

ನನ್ನ ದನಿ ಏರಿದೆ. ಜನ ತಿರುಗಿ ನೋಡುತ್ತಿದ್ದಾರೆ. ಕಾರ್ಯದರ್ಶಿ ಹತ್ತಿರ ಬಂದು ಮೆಲ್ಲಗೆ ಹೇಳುತ್ತಾರೆ.

"ನಾವಾಗೇ ಮಾಡಿದ್ದಲ್ಲ ಮೇಡಂ. ಹಿಂದಿನ ಕ್ರಾಸಲ್ಲೇ ನಿಮ್ಮಣ್ಣ ಇದಾರಲ್ಲ, ಅವ್ರನ್ನ ಕೇಳಿದ್ವಿ. ಅವ್ರೇ ಹೀಗ್ ಹಾಕಿ ಅಂದ್ರು."

ಅಲ್ಲೇ ನಿಂತು ಅಣ್ಣನಿಗೆ ಫೋನ್ ಮಾಡಿದೆ. ಸರ್ಕಾರಿ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ.

"ನಿಂಗೇನಮ್ಮ, ಬರ್ದು ಕಳಿಸ್ಬಿಟ್ಟೆ. ನಮ್ ಆಫೀಸ್ನೋರು ನೋಡಿದ್ರೆ? ಇಷ್ಟ್ ಕಷ್ಟಪಟ್ಟು ಮೇಲೆ ಬಂದಿದ್ದು ಮತ್ತೆ ಅಲ್ಲಿಗೇ ಹೋಗಿ ನಿಲ್ಲೋಕಾ?"

ಅವನು ಆ ಕುರ್ಚಿಯಲ್ಲಿ ಏನೇನು ನುಂಗಿಕೊಂಡು ಕೂತಿದ್ದಾನೆ ಎಂದು ನನಗೆ ಗೊತ್ತು. ಆಫೀಸಿನಲ್ಲಿ ಅವನು ಊಟಕ್ಕೆ ಬಂದು ಕೂತರೆ ಪಕ್ಕದವರಿಗೆ ತಕ್ಷಣ ಏನೋ ಕೆಲಸ ನೆನಪಾಗುತ್ತದೆ. ಎಲ್ಲ ಗೊತ್ತಿದ್ದೂ ನನ್ನ ಸಿಟ್ಟು ಇಳಿಯಲಿಲ್ಲ.

"ನಾಚ್ಕೆ ಪಡ್ಬೇಕಾದೋರು ಪೊರಕೆ ಕೊಟ್ಟೋರು ಕಣಣ್ಣ. ತಾತ ಯಾಕೆ ಪಡ್ಬೇಕು? ನೀನ್ಯಾಕೆ ಪಡ್ಬೇಕು?"

ಫೋನ್ ಕಟ್ ಮಾಡಿದ.

ಚೀಟಿ ಸರಿ ಮಾಡಿ, ಇಲ್ಲದಿದ್ದರೆ ಫೋಟೋ ಕೊಡಿ ಎಂದೆ. "ಫಂಕ್ಷನ್ ಮುಗೀಲಿ, ಆಮೇಲೆ ನೋಡೋಣ" ಅಂದರು. ಉದ್ಘಾಟನೆಗೆ ಬಂದ ಗಣ್ಯರು ಆಗಲೇ ಬಾಗಿಲಲ್ಲಿದ್ದರು.

ಕೈ ಚಾಚಿದೆ, ಎಟುಕಲಿಲ್ಲ. ಪಕ್ಕದಲ್ಲೇ ನಿಂತಿದ್ದ ಅತ್ತೆ, ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ದರದರ ಎಳೆದು ತಂದು ನನ್ನ ಮುಂದೆ ಹಾಕಿದರು.

"ಹತ್ತು" ಅಂದರು.

ಹತ್ತಿದೆ. ತಾತನನ್ನು ಇಳಿಸಿಕೊಂಡೆ. ಕಾರ್ಯದರ್ಶಿ "ಮೇಡಂ, ಮೇಡಂ" ಅನ್ನುತ್ತಲೇ ಇದ್ದರು. ನಾವಿಬ್ಬರೂ ಗಣ್ಯರ ಪಕ್ಕದಲ್ಲೇ ಹಾದು ಹೊರಗೆ ಬಂದೆವು.

ಆಟೋದಲ್ಲಿ ಫ್ರೇಮು ನಮ್ಮಿಬ್ಬರ ತೊಡೆಯ ಮೇಲೆ. ಅತ್ತೆ ಉಗುರಿನಿಂದ ಆ ಚೀಟಿಯನ್ನು ಕೆರೆಯುತ್ತಾ ಬಂದರು. ಪೂರ್ತಿ ಕಿತ್ತು ಬರಲಿಲ್ಲ, "ವೀರ" ಅನ್ನುವುದೊಂದು ಉಳಿದುಕೊಂಡಿತು. "ಅದು ಇರ್ಲಿ ಬಿಡು" ಅಂದರು.

ಅಣ್ಣ ಫೋನ್ ಎತ್ತುತ್ತಿಲ್ಲ. ಗ್ರೂಪಿನಿಂದ ನನ್ನನ್ನು ತೆಗೆದುಹಾಕಿದ್ದಾರೆ. ಪರವಾಗಿಲ್ಲ, ಅಲ್ಲಿ ಹಾಕದಿದ್ದನ್ನು ಇಲ್ಲಿ ಹಾಕುತ್ತಿದ್ದೇನೆ: ನಮ್ಮ ತಾತ ಯುದ್ಧದ ಆಸ್ಪತ್ರೆಯಲ್ಲಿ ಕಕ್ಕಸು ತೊಳೆದರು. ಅವರು ತೊಳೆದಿದ್ದರಿಂದ ಎಷ್ಟೋ ಸಿಪಾಯಿಗಳು ಜೀವಂತ ಮನೆ ಸೇರಿದರು.

ಮಾಡಿದ ಕೆಲಸ ಮುಚ್ಚಿಟ್ಟು ಮನೆಯವರು ಬರೀ ಫೋಟೋವಾಗಿ ತೂಗುಹಾಕಿರುವ ತಾತಂದಿರು ನಿಮ್ಮ ಮನೆಯಲ್ಲೂ ಇದ್ದಾರಾ?