ಟಿ.ವಿ.ಗೆ ಬೆನ್ನು ಹಾಕಿದ ಅಕ್ಕ

ಗುಬ್ಬಿಯಲ್ಲಿ ನಾವು ವಿಡಿಯೋ ಗೇಮ್ ಆಡುತ್ತಿದ್ದದ್ದು ಒಬ್ಬ ಟೈಲರ್ ಅಕ್ಕನ ಅಂಗಡಿಯಲ್ಲಿ. ಅಕ್ಕ ಟಿ.ವಿ.ಗೆ ಬೆನ್ನು ಹಾಕಿ ದಿನವಿಡೀ ಹೊಲಿಗೆ ಮಿಷನ್ ತುಳಿಯುತ್ತಿದ್ದರು. ಹೊಸ ಗೇಮ್ ತರಿಸಿ ಎಂದರೆ, ಹಲ್ಲಲ್ಲಿ ದಾರ ಕಡಿದು, "ಇದ್ರಲ್ಲೇ ಇನ್ನೂ ಐತೆ ಕಣ್ರೋ" ಎನ್ನುವರು.

ಒಂದು ದಿನ ಕಾಲೇಜು ಹುಡುಗರೆಲ್ಲ ರೇಗಿದೆವು. "ಇದೇ ಹಳೇ ಗೇಮ್ ಆದ್ರೆ ನಾಳೆಯಿಂದ ತುಮಕೂರಿಗೇ ಹೋಗ್ತೀವಿ ಅಕ್ಕಾ."

"ಹೋಗೀರಂತೆ. ಈಗ ಒಬ್ರು ಕಣ್ಮುಚ್ಕೊಂಡು ಆಡಿ."

ನಾನು ಕಣ್ಣು ಮುಚ್ಚಿ ಜಾಯ್‌ಸ್ಟಿಕ್ ಹಿಡಿದೆ. ಅಕ್ಕ ತಿರುಗಲಿಲ್ಲ, ಹೊಲಿಗೆಯನ್ನೂ ನಿಲ್ಲಿಸಲಿಲ್ಲ. ಗೇಮಿನ ಸದ್ದು ಕೇಳುತ್ತಲೇ, "ಹಾರು... ತಡಿ... ಈಗ ಹಾರು" ಎನ್ನುತ್ತಾ ಹೋದರು. ಗೆಳೆಯರು ಕಿರುಚಿದಾಗ ಕಣ್ಣು ಬಿಟ್ಟೆ. ನಮ್ಮಲ್ಲಿ ಯಾರೂ ಒಮ್ಮೆಯೂ ದಾಟದಿದ್ದ ಸೇತುವೆಯನ್ನು ದಾಟಿಬಿಟ್ಟಿದ್ದೆ.

"ನೋಡ್ದೇನೇ ಹೆಂಗಕ್ಕಾ?"

"ನೋಡಿದ್ರೆ ನಂಗೂ ಹಳೇದಾಗ್ಬುಡ್ತಿತ್ತು ಕಣೋ."